ಬುಡ್ಡಿಯ ಜಾಗಕ್ಕೆ ಸೌರ ಲಾಂದ್ರ

ಸೌರ ಲಾಂದ್ರದ ಒಳಗಿರುವುದು ನಾಲ್ಕೇ ಭಾಗ: ಬಿಸಿಲಿನಿಂದ ವಿದ್ಯುತ್ ತಯಾರಿಸುವ ಅಂಗೈಯಗಲದ ಫಲಕ, ಅದನ್ನು ಕತ್ತಲಾಗುವವರೆಗೆ ಹಿಡಿದಿಡುವ ಬ್ಯಾಟರಿ, ಬೆಳಗುವ ಎಲ್‌ಇಡಿ, ಮತ್ತು ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯುವ ಚಿಕ್ಕ ಸರ್ಕ್ಯೂಟ್. ಛಾವಣಿಗೆ ಫಲಕ ಕಟ್ಟಿ ಗೋಡೆಯ ಮೇಲೆ ತಂತಿ ಎಳೆಯುವ ಸೋಲಾರ್ ಮನೆದೀಪ ವ್ಯವಸ್ಥೆ ಬೇರೆ, ಇದು ಬೇರೆ. ಲಾಂದ್ರವನ್ನು ಒಲೆಯ ಮುಂದೆ ಇಡಬಹುದು, ಕೊಟ್ಟಿಗೆಗೆ ಒಯ್ಯಬಹುದು, ಮಳೆ ಬಂದರೆ ಒಳಗೆ ತಂದಿಡಬಹುದು. ಇದನ್ನು ಕೂರಿಸಲು ತಂತ್ರಜ್ಞ ಬೇಕಿಲ್ಲ. ಆದ್ದರಿಂದಲೇ ಕರೆಂಟಿಲ್ಲದ ಬಡಮನೆಗೆ ಮೊದಲು ಕೈಗೆಟುಕಬಹುದಾದ ವಿದ್ಯುತ್ ಬೆಳಕು ಇದು ಎಂದು ಸರ್ಕಾರಗಳೂ ಕಂಪನಿಗಳೂ ಸೇವಾಸಂಸ್ಥೆಗಳೂ ಮೂರು ದಶಕಗಳಿಂದ ಇದರ ಬೆನ್ನು ಹತ್ತಿವೆ.

ಇದರ ಅಗತ್ಯ ಎಲ್ಲಿದೆ ಎಂಬುದಕ್ಕೆ ಉತ್ತರ ಈ ಅವಧಿಯಲ್ಲೇ ಬದಲಾಗಿದೆ. 2011ರ ಜನಗಣತಿಯ ಹೊತ್ತಿಗೆ ಭಾರತದ ಶೇ 31ರಷ್ಟು ಮನೆಗಳ ಮುಖ್ಯ ಬೆಳಕು ಸೀಮೆಎಣ್ಣೆಯೇ ಆಗಿತ್ತು. ಬಿಹಾರದಲ್ಲಿ ಈ ಪ್ರಮಾಣ ಶೇ 82. ಕರ್ನಾಟಕದಲ್ಲಿ ಆಗಲೇ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಕರೆಂಟು ಬಂದಿತ್ತು. ಒಂದು ದಶಕ ಕಳೆಯುವಷ್ಟರಲ್ಲಿ ಭಾರತದ ಬಹುತೇಕ ಮನೆಗಳಿಗೆ ತಂತಿ ತಲುಪಿತು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ ವಿದ್ಯುತ್ ಇಲ್ಲದವರು ಸುಮಾರು 66.6 ಕೋಟಿ. ಅವರಲ್ಲಿ ಸುಮಾರು 56.5 ಕೋಟಿ ಜನ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದವರು. ಅಗ್ಗದ ಲಾಂದ್ರದ ಚರ್ಚೆ ಹೀಗೆ ಭಾರತದಲ್ಲಿ ಆರಂಭವಾಗಿ ಕೆನ್ಯಾ, ಟಾಂಜಾನಿಯಾ, ರುವಾಂಡಾಗಳಲ್ಲಿ ಬೆಳೆದಿದೆ. ಎರಡೂ ಕಡೆಯ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಯಾವುದು ಫಲಿಸಿತು, ಯಾವುದು ಬರೀ ಮಾತಾಗಿ ಉಳಿಯಿತು ಎಂಬುದು ತಿಳಿಯುತ್ತದೆ.

ಸೀಮೆಎಣ್ಣೆಯ ಲೆಕ್ಕ

ಲಾಂದ್ರದ ಎದುರಾಳಿ ಕರೆಂಟಲ್ಲ, ಬುಡ್ಡಿ. ಖಾಲಿ ಔಷಧಿ ಸೀಸೆ ಅಥವಾ ತಗಡಿನ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ, ಹಳೆ ಬಟ್ಟೆಯ ಬತ್ತಿ ಹೊಸೆದು ಇಳಿಬಿಟ್ಟರೆ ಬುಡ್ಡಿ ಸಿದ್ಧ. ಅದಕ್ಕಿಂತ ಮೇಲಿನದು ಗಾಜಿನ ಚಿಮಣಿಯ ಕಂದೀಲು. ಅದಕ್ಕೂ ಮೇಲಿನದು ಗಾಳಿ ಒತ್ತಿ ಉರಿಸುವ ಪೆಟ್ರೋಮ್ಯಾಕ್ಸ್. ಮದುವೆ ಮನೆಗೂ ಯಕ್ಷಗಾನದ ರಂಗಸ್ಥಳಕ್ಕೂ ಒಂದು ಕಾಲದಲ್ಲಿ ಬೆಳಕು ಕೊಟ್ಟಿದ್ದು ಅದೇ. ಬಡವರ ಮನೆಯಲ್ಲಿ ದಿನವೂ ಉರಿದದ್ದು ಮಾತ್ರ ಹೆಚ್ಚಾಗಿ ಬುಡ್ಡಿಯೇ.

ಬುಡ್ಡಿ ಕೊಡುವ ಬೆಳಕು ಸುಮಾರು 10 ಲ್ಯೂಮೆನ್. ಚೆನ್ನಾಗಿ ಒರೆಸಿದ ಗಾಜಿನ ಕಂದೀಲು ಇದರ ನಾಲ್ಕೈದು ಪಟ್ಟು ಕೊಟ್ಟೀತು. ಇಂದಿನ 9 ವಾಟ್‌ನ ಒಂದು ಸಾಧಾರಣ ಎಲ್‌ಇಡಿ ಬಲ್ಬು 900 ಲ್ಯೂಮೆನ್ ಕೊಡುತ್ತದೆ. ಬುಡ್ಡಿ ಗಂಟೆಗೆ 10 ಮಿಲಿಲೀಟರ್‌ನಂತೆ ಎಣ್ಣೆ ಕುಡಿಯುತ್ತದೆಂದು ಹಿಡಿದರೆ ಒಂದು ಲೀಟರ್ ನೂರು ಗಂಟೆ ಉರಿಯುತ್ತದೆ, ಒಟ್ಟು ಸಿಗುವುದು 1,000 ಲ್ಯೂಮೆನ್-ಗಂಟೆ. ಅಷ್ಟೇ ಬೆಳಕನ್ನು ಎಲ್‌ಇಡಿ ಬಲ್ಬು ಒಂದು ಗಂಟೆ ಚಿಲ್ಲರೆಯಲ್ಲಿ ಕೊಟ್ಟು ಮುಗಿಸುತ್ತದೆ. ಅದಕ್ಕೆ ತಗಲುವ ವಿದ್ಯುತ್ ಒಂದು ಯೂನಿಟ್ಟಿನ ನೂರನೇ ಒಂದು ಪಾಲು, ಬೆಲೆ ಕೆಲವೇ ಪೈಸೆ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಅಡಗಿರುವ ಶಾಖ ಸುಮಾರು 10 ಯೂನಿಟ್ಟಿಗೆ ಸಮ. ಎಂದರೆ ಬುಡ್ಡಿಯಲ್ಲಿ ಸುಟ್ಟದ್ದರ ಸಾವಿರದಲ್ಲಿ ಒಂದು ಪಾಲಿನಷ್ಟು ವಿದ್ಯುತ್ತೇ ಅದೇ ಬೆಳಕಿಗೆ ಸಾಕು. ಅತಿ ಬಡವರು ಅತಿ ಮಂದ ಬೆಳಕಿಗೆ ಅತಿ ಹೆಚ್ಚು ಬೆಲೆ ತೆರುತ್ತಾರೆ ಎಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಇವಾನ್ ಮಿಲ್ಸ್ 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವು, ಎಣ್ಣೆಯ ದೀಪಗಳಿಗಾಗಿ ಜಗತ್ತು ವರ್ಷಕ್ಕೆ 3,800 ಕೋಟಿ ಡಾಲರ್ ಸುರಿಯುತ್ತಿದೆ ಎಂದು ಅಂದಾಜಿಸಿತ್ತು. ಅಲ್ಲಿಯವರೆಗೆ ದಾನಧರ್ಮದ ವಿಷಯವಾಗಿದ್ದ ಬೆಳಕು ಒಂದು ದೊಡ್ಡ ಮಾರುಕಟ್ಟೆಯಾಗಿ ಕಂಪನಿಗಳ ಕಣ್ಣಿಗೆ ಬೀಳಲು ಇಂಥ ಲೆಕ್ಕಗಳೇ ಕಾರಣ.

ಹಣದ ಆಚೆಗೂ ಬುಡ್ಡಿಯ ದಂಡ ಇದೆ. 2012ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ತೆರೆದ ಬತ್ತಿಯ ದೀಪದಲ್ಲಿ ಉರಿಯುವ ಎಣ್ಣೆಯ ಶೇ 7ರಿಂದ 9ರಷ್ಟು ಭಾಗ ಕಪ್ಪು ಇಂಗಾಲವಾಗಿ, ಅಂದರೆ ಶುದ್ಧ ಮಸಿಯಾಗಿ ಹೊರಬೀಳುತ್ತದೆ. ಒಲೆಯಲ್ಲಿ ಉರಿಯುವ ಸೌದೆಯೂ ಇಷ್ಟು ಪಾಲು ಮಸಿಯಾಗುವುದಿಲ್ಲ. ಬುಡ್ಡಿ ಉರುಳಿ ಗುಡಿಸಲಿಗೆ ಬೆಂಕಿ ಬೀಳುವುದು, ಮಕ್ಕಳ ಬಟ್ಟೆಗೆ ಕಿಡಿ ತಾಗುವುದು, ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಸೀಮೆಎಣ್ಣೆಯನ್ನು ಮಗು ನೀರೆಂದು ಕುಡಿಯುವುದು ಇವೆಲ್ಲ ಸುಟ್ಟಗಾಯದ ವಾರ್ಡುಗಳಿಗೂ ಮಕ್ಕಳ ವೈದ್ಯರಿಗೂ ಚಿರಪರಿಚಿತ. ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ಮನೆಯೊಳಗೆ ಸೀಮೆಎಣ್ಣೆ ಬಳಸುವುದು ಬೇಡವೆಂದೇ ಹೇಳಿತು.

ಹೀಗಿದ್ದೂ ಭಾರತದಲ್ಲಿ ಬುಡ್ಡಿ ಅಷ್ಟು ಕಾಲ ಬಾಳಿತು. ಕಾರಣ ನ್ಯಾಯಬೆಲೆ ಅಂಗಡಿ. ಪಡಿತರ ಚೀಟಿಗೆ ಸಿಗುತ್ತಿದ್ದ ನೀಲಿ ಸೀಮೆಎಣ್ಣೆ 2016ರವರೆಗೂ ಲೀಟರಿಗೆ ಸುಮಾರು 15 ರೂಪಾಯಿ ಇತ್ತು. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ 40 ಮಿಲಿಲೀಟರ್, ಖರ್ಚು 60 ಪೈಸೆ. ಕಾಳಸಂತೆಯಲ್ಲಿ ಅದೇ ಎಣ್ಣೆಗೆ 60 ರೂಪಾಯಿ ಕೊಟ್ಟವನಿಗೆ ರಾತ್ರಿಯೊಂದಕ್ಕೆ 2 ರೂಪಾಯಿ 40 ಪೈಸೆ ಬೀಳುತ್ತಿತ್ತು. ಇನ್ನು ಲಾಂದ್ರದ ಕಡೆ: 600 ರೂಪಾಯಿಯ ಲಾಂದ್ರ ಮೂರು ವರ್ಷ ಬಾಳಿದರೆ ರಾತ್ರಿಗೆ ಸುಮಾರು 55 ಪೈಸೆ, ಆರೇ ತಿಂಗಳಿಗೆ ಕೆಟ್ಟರೆ 3 ರೂಪಾಯಿ 30 ಪೈಸೆ. ಸೌರ ಲಾಂದ್ರ ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಯ ತಿರುಳು ಈ ನಾಲ್ಕು ಅಂಕಿಗಳಲ್ಲಿದೆ. ಅಂಗಡಿಯ ಬೆಲೆಚೀಟಿ ಅಲ್ಲ, ಬಾಳಿಕೆ ಅದನ್ನು ತೀರ್ಮಾನಿಸುತ್ತದೆ. ಸರ್ಕಾರ ಎಣ್ಣೆಗೆ ಸಬ್ಸಿಡಿ ಕೊಡುತ್ತಿದ್ದಷ್ಟು ಕಾಲ ಒಳ್ಳೆಯ ಲಾಂದ್ರಕ್ಕೂ ಗೆಲುವು ಕಷ್ಟವಿತ್ತು. ಒಂದು ಕೈಯಲ್ಲಿ ಸೀಮೆಎಣ್ಣೆಗೆ, ಇನ್ನೊಂದು ಕೈಯಲ್ಲಿ ಸೋಲಾರಿಗೆ ಸಬ್ಸಿಡಿ ಹಂಚಿದ ನೀತಿಯ ವಿಚಿತ್ರ ಇದು. 2016ರ ಜುಲೈನಿಂದ ಸೀಮೆಎಣ್ಣೆಯ ಬೆಲೆಯನ್ನು ಪೈಸೆಗಳ ಲೆಕ್ಕದಲ್ಲಿ ಏರಿಸುತ್ತಾ ಹೋಗಿ ಕೊನೆಗೆ ಸಬ್ಸಿಡಿಯನ್ನೇ ಇಲ್ಲವಾಗಿಸಲಾಯಿತು.

ಬೆಲೆ ಇಳಿದ ಬಗೆ

1990ರ ದಶಕದಲ್ಲಿ ಭಾರತದ ಅಸಾಂಪ್ರದಾಯಿಕ ಇಂಧನ ಸಚಿವಾಲಯ ಹಂಚಿದ ಲಾಂದ್ರ ಇಂದಿನ ಕಣ್ಣಿಗೆ ದೈತ್ಯ. 10 ವಾಟ್‌ನ ಫಲಕ, 12 ವೋಲ್ಟಿನ 7 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ, 7 ವಾಟ್‌ನ ಸಿಎಫ್‌ಎಲ್. ಬ್ಯಾಟರಿಯ ಭಾರವೇ ಎರಡು ಕಿಲೋಗೂ ಮೀರಿತ್ತು. ಎತ್ತಿಕೊಂಡು ಓಡಾಡುವ ದೀಪವೆಂಬ ಹೆಸರಿಗೆ ಅದು ಅಷ್ಟೇನೂ ಒಪ್ಪುತ್ತಿರಲಿಲ್ಲ. ಬೆಲೆ ಮೂರು ಸಾವಿರ ರೂಪಾಯಿಯ ಆಸುಪಾಸು, ಸಬ್ಸಿಡಿ ಇಲ್ಲದೆ ಕೂಲಿಯವರ ಮನೆಗೆ ಅದು ದೂರದ ಮಾತು. ಇಂಥ ಲಾಂದ್ರಗಳನ್ನು ತಯಾರಿಸುತ್ತಿದ್ದವುಗಳಲ್ಲಿ 1989ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟಾಟಾ ಬಿಪಿ ಸೋಲಾರ್ ಕೂಡ ಒಂದು. ಈ ಲಾಂದ್ರಗಳಲ್ಲಿ ಬಹಳಷ್ಟು ಕೆಟ್ಟು ಮೂಲೆ ಸೇರಿದ್ದು ಫಲಕದಿಂದಲ್ಲ, ಬ್ಯಾಟರಿಯಿಂದ. ಸೀಸದ ಬ್ಯಾಟರಿಯನ್ನು ಪದೇಪದೇ ಪೂರ್ತಿ ಬರಿದು ಮಾಡಿದರೆ ಒಂದೆರಡು ವರ್ಷಕ್ಕೆ ಅದು ಸತ್ತುಹೋಗುತ್ತದೆ. ಹೊಸದು ತರಲು ತಾಲ್ಲೂಕು ಕೇಂದ್ರದಲ್ಲೂ ಅಂಗಡಿಯಿರಲಿಲ್ಲ.

ದಾರಿ ತೆರೆದದ್ದು ಬಿಳಿ ಎಲ್‌ಇಡಿ. ಜಪಾನಿನಲ್ಲಿ ನೀಲಿ ಎಲ್‌ಇಡಿ ಸಾಧ್ಯವಾದ ಮೇಲೆ 1990ರ ದಶಕದ ನಡುವಿನಲ್ಲಿ ಬಿಳಿ ಎಲ್‌ಇಡಿ ಮಾರುಕಟ್ಟೆಗೆ ಬಂತು. ನೀಲಿಯ ಸಾಧಕರಾದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. ಅದನ್ನು ಬಡವರ ಮನೆಗೆ ಒಯ್ಯಬಹುದೆಂದು ಮೊದಲೇ ಕಂಡವರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಎಂಜಿನಿಯರ್ ಡೇವ್ ಅರ್ವಿನ್-ಹ್ಯಾಲಿಡೇ ಒಬ್ಬರು. 1997ರಲ್ಲಿ ನೇಪಾಳದ ಬೆಟ್ಟಗಳಲ್ಲಿ ನಡೆಯುವಾಗ ಕತ್ತಲು ತುಂಬಿದ ಶಾಲೆಯೊಂದನ್ನು ಕಂಡ ಅವರು, ಮುಂದಿನ ವರ್ಷಗಳಲ್ಲಿ ಅಲ್ಲಿನ ಮನೆಗಳಿಗೆ ಬಿಳಿ ಎಲ್‌ಇಡಿ ದೀಪ ಹಾಕಿಸಿದರು. ಒಂದು ವಾಟಿನಷ್ಟು ವಿದ್ಯುತ್ತಿನಲ್ಲಿ ಮಗು ಓದಬಹುದು ಎಂಬುದು ಆಗಿನ ಕಾಲಕ್ಕೆ ಹೊಸ ವಿಚಾರ.

ಎಲ್‌ಇಡಿಯ ದಕ್ಷತೆ ಏರಿದಂತೆ ಉಳಿದ ಭಾಗಗಳೂ ಕಿರಿದಾದವು. ವಾಟಿಗೆ 100 ಲ್ಯೂಮೆನ್ ಕೊಡುವ ಎಲ್‌ಇಡಿ ಇದ್ದರೆ ಒಂದು ವಾಟಿನ ಫಲಕವೇ ಸಾಕು: ಐದು ಗಂಟೆಯ ಒಳ್ಳೆಯ ಬಿಸಿಲಿಗೆ 5 ವಾಟ್-ಗಂಟೆ, ಅಲ್ಲಿ ಇಲ್ಲಿ ಸೋರಿಹೋದದ್ದು ಕಳೆದು ಕೈಗೆ ಸಿಗುವುದು 3, ಅದರಲ್ಲಿ 60 ಲ್ಯೂಮೆನ್‌ನ ಬೆಳಕು ಐದು ಗಂಟೆ. ಆರು ಬುಡ್ಡಿಗಳ ಬೆಳಕು, ಮಸಿಯಿಲ್ಲದೆ. ಇದೇ ಹೊತ್ತಿಗೆ 2008ರಲ್ಲಿ ವಾಟಿಗೆ ನಾಲ್ಕು ಡಾಲರಿನ ಆಸುಪಾಸಿದ್ದ ಫಲಕದ ಬೆಲೆ 2012ರ ವೇಳೆಗೆ ಒಂದು ಡಾಲರಿಗಿಂತಲೂ ಕೆಳಗಿಳಿಯಿತು. ಮೊಬೈಲ್ ಫೋನಿನ ಕೃಪೆಯಿಂದ ಲಿಥಿಯಂ ಬ್ಯಾಟರಿ ಅಗ್ಗವಾಯಿತು. ಅದರಲ್ಲೂ ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ಸಾವಿರಾರು ಬಾರಿ ತುಂಬಿ ಬರಿದಾಗುವ ತಾಳಿಕೆಯದು, ಬಿಸಿಯನ್ನೂ ಸಹಿಸುತ್ತದೆ.

ಇದೆಲ್ಲ ಕೂಡಿದ ಜಾಗದಲ್ಲಿ ಹುಟ್ಟಿದ್ದು ಡಿ.ಲೈಟ್. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಮೊಳೆತ ಆಲೋಚನೆಯನ್ನು ಸ್ಯಾಮ್ ಗೋಲ್ಡ್‌ಮನ್ ಮತ್ತು ನೆಡ್ ಟೋಜನ್ 2007ರಲ್ಲಿ ಕಂಪನಿಯಾಗಿಸಿದರು. ಗೋಲ್ಡ್‌ಮನ್ ಅದಕ್ಕೂ ಮುಂಚೆ ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ಸ್ವಯಂಸೇವಕರಾಗಿದ್ದರು; ಅಲ್ಲಿ ನೆರೆಮನೆಯ ಹುಡುಗ ಸೀಮೆಎಣ್ಣೆಯ ಬೆಂಕಿಗೆ ಸಿಕ್ಕಿ ಸುಟ್ಟುಕೊಂಡದ್ದನ್ನು ಕಂಡಿದ್ದರು. ಭಾರತದ ಮಾರುಕಟ್ಟೆಗೆಂದೇ ‘ಕಿರಣ್’ ಎಂಬ ಹೆಸರಿಟ್ಟು 2009ರಲ್ಲಿ ಬಿಟ್ಟ ಲಾಂದ್ರದ ಬೆಲೆ ಸುಮಾರು 10 ಡಾಲರ್. ಮುಂದೆ ಬ್ರಿಟನ್ನಿನ ಸೋಲಾರ್‌ಏಡ್ ಸಂಸ್ಥೆ ಆಫ್ರಿಕಾಕ್ಕಾಗಿ ರೂಪಿಸಿದ ಎಸ್‌ಎಂ100 ಎಂಬ ಪುಟ್ಟ ದೀಪ 5 ಡಾಲರಿಗೆ ಬಂತು. ಡೆನ್ಮಾರ್ಕಿನಲ್ಲಿ ಹುಟ್ಟಿದ ಕಲಾವಿದ ಓಲಾಫರ್ ಎಲಿಯಾಸನ್ 2012ರಲ್ಲಿ ಹೂವಿನಾಕಾರದ ಹಳದಿ ‘ಲಿಟಲ್ ಸನ್’ ದೀಪ ಮಾಡಿ ಶ್ರೀಮಂತ ದೇಶಗಳಲ್ಲಿ ಹೆಚ್ಚು ಬೆಲೆಗೆ, ಕರೆಂಟಿಲ್ಲದ ಊರುಗಳಲ್ಲಿ ಕಡಿಮೆ ಬೆಲೆಗೆ ಮಾರಿಸಿದರು. ಅದು ಗಮನ ಸೆಳೆದಷ್ಟು ಸಮಸ್ಯೆಯನ್ನು ಕದಲಿಸಲಿಲ್ಲ.

ಮಾರುವುದೋ, ಬಾಡಿಗೆಗೋ, ಕಂತಿಗೋ

ತಂತ್ರಜ್ಞಾನ ಅಗ್ಗವಾದ ಮೇಲೂ 600 ರೂಪಾಯಿಯನ್ನು ಒಂದೇ ಬಾರಿ ಎಣಿಸುವುದು ದಿನಗೂಲಿಯವರಿಗೆ ಸುಲಭವಲ್ಲ. ಸೀಮೆಎಣ್ಣೆಯ ದೊಡ್ಡ ಅನುಕೂಲವೇ ಅದನ್ನು ಕಾಲು ಲೀಟರಿನಂತೆ ಕೊಳ್ಳಬಹುದು ಎಂಬುದು. ಅದಕ್ಕೆ ಉತ್ತರವಾಗಿ ಬೇರೆಬೇರೆ ಸಂಸ್ಥೆಗಳು ಬೇರೆಬೇರೆ ದಾರಿ ಹಿಡಿದವು.

ದೆಹಲಿಯ ಟೆರಿ ಸಂಸ್ಥೆ 2008ರಲ್ಲಿ ‘ಲೈಟಿಂಗ್ ಎ ಬಿಲಿಯನ್ ಲೈವ್ಸ್’ ಯೋಜನೆಗೆ ಚಾಲನೆ ಕೊಟ್ಟಿತು. ಊರಿಗೊಂದು ಚಾರ್ಜಿಂಗ್ ಕೇಂದ್ರ, ಅಲ್ಲಿ ಸಾಮಾನ್ಯವಾಗಿ ಐವತ್ತು ಲಾಂದ್ರ, ನೋಡಿಕೊಳ್ಳಲು ಊರಿನದೇ ಒಬ್ಬ ಉದ್ಯಮಿ. ಸಂಜೆ ಕೆಲವು ರೂಪಾಯಿ ಕೊಟ್ಟು ಲಾಂದ್ರ ಒಯ್ದು, ಬೆಳಗ್ಗೆ ಮರಳಿಸಬೇಕು. ಬ್ಯಾಟರಿಯ ಆರೈಕೆ ತಿಳಿದವರ ಕೈಯಲ್ಲಿ ಉಳಿಯುತ್ತದೆ, ಬಳಸುವವರಿಗೆ ಬಂಡವಾಳ ಬೇಡ. ಮೇಲ್ನೋಟಕ್ಕೆ ಚೊಕ್ಕ ಉಪಾಯ. ಆದರೆ ಐವತ್ತು ಲಾಂದ್ರದ ಬಾಡಿಗೆ ಒಬ್ಬರ ಸಂಸಾರಕ್ಕೆ ಸಾಲದು, ಎರಡು ಮೂರು ವರ್ಷಕ್ಕೆ ಬ್ಯಾಟರಿಗಳೆಲ್ಲ ಒಟ್ಟಿಗೆ ಸೋತಾಗ ಬದಲಿಸಲು ಬೇಕಾದ ಮೊತ್ತ ಆ ಬಾಡಿಗೆಯಿಂದ ಕೂಡಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಲಾಂದ್ರದ ಬೆಲೆಯೇ ಕುಸಿದಾಗ ಬಾಡಿಗೆಗೆ ಒಯ್ಯುವುದಕ್ಕಿಂತ ಸ್ವಂತಕ್ಕೆ ಕೊಳ್ಳುವುದೇ ಲೇಸಾಯಿತು. ಜರ್ಮನಿಯ ಓಸ್ರಾಮ್ ಕಂಪನಿ ಅದೇ 2008ರಲ್ಲಿ ಕೆನ್ಯಾದ ವಿಕ್ಟೋರಿಯಾ ಸರೋವರದ ದಡದಲ್ಲಿ, ಪೆಟ್ರೋಮ್ಯಾಕ್ಸ್ ಹಿಡಿದು ರಾತ್ರಿ ಮೀನು ಹಿಡಿಯುವವರಿಗಾಗಿ ಇಂಥದೇ ಚಾರ್ಜಿಂಗ್ ಕೇಂದ್ರಗಳನ್ನು ತೆರೆದಿತ್ತು. ಅಲ್ಲಿ ಉರಿಯುವ ದೀಪ ದೊಡ್ಡದು, ಎಣ್ಣೆಯ ಖರ್ಚೂ ದೊಡ್ಡದು; ಆದ್ದರಿಂದ ಬಾಡಿಗೆಯ ಲೆಕ್ಕ ಮನೆದೀಪಕ್ಕಿಂತ ಮೀನುಗಾರರ ದೀಪಕ್ಕೆ ಚೆನ್ನಾಗಿ ಹೊಂದುತ್ತಿತ್ತು.

ಕರ್ನಾಟಕದ ಸೆಲ್ಕೊ ಹಿಡಿದ ದಾರಿ ಸಾಲದ್ದು. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮುಖ್ಯವಾಗಿ ಮಾರಿದ್ದು ಲಾಂದ್ರವನ್ನಲ್ಲ, ಎರಡು ನಾಲ್ಕು ಬಲ್ಬಿನ ಮನೆದೀಪ ವ್ಯವಸ್ಥೆಯನ್ನು. ಆದರೂ ಲಾಂದ್ರದ ಇತಿಹಾಸಕ್ಕೆ ಅದು ಕಲಿಸಿದ ಪಾಠ ದೊಡ್ಡದು. ಗ್ರಾಮೀಣ ಬ್ಯಾಂಕುಗಳು, ಸಹಕಾರಿ ಸಂಘಗಳು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳ ಮೂಲಕ ಸಾಲ ಕೊಡಿಸಿ, ಕಂತನ್ನು ಆದಾಯ ಬರುವ ಹೊತ್ತಿಗೆ ಹೊಂದಿಸುವುದು. ಅಡಿಕೆ ಬೆಳೆಗಾರನಿಗೆ ಒಂದು ಬಗೆ, ಹಾಲು ಮಾರುವವಳಿಗೆ ಇನ್ನೊಂದು ಬಗೆ. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆಗಬಹುದು ಎಂದ ಬೀದಿಬದಿಯ ವ್ಯಾಪಾರಿಯ ಮಾತನ್ನು ಹಂದೆ ಹಲವು ವೇದಿಕೆಗಳಲ್ಲಿ ನೆನೆದಿದ್ದಾರೆ. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶಾಲೆಯ ಛಾವಣಿಯ ಮೇಲೆ ಫಲಕವಿಟ್ಟು, ಮಕ್ಕಳು ಬ್ಯಾಟರಿಯನ್ನು ಬುತ್ತಿಯೊಡನೆ ತಂದು ಚಾರ್ಜ್ ಮಾಡಿಕೊಂಡು ಮನೆಗೊಯ್ಯುವ ಯೋಜನೆಯನ್ನೂ ಸೆಲ್ಕೊ ನಡೆಸಿತು. ಶಾಲೆಗೆ ಬರದಿದ್ದರೆ ರಾತ್ರಿ ಬೆಳಕಿಲ್ಲ! ಹಾಜರಿಗೆ ಇದಕ್ಕಿಂತ ಸರಳ ಉಪಾಯ ಇನ್ನಾವ ಇಲಾಖೆಗೂ ಹೊಳೆದಿರಲಾರದು.

ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಕಟ್ಟಿದ ಬೇರ್‌ಫೂಟ್ ಕಾಲೇಜಿನ ಒತ್ತು ಕಟ್ಟುವವರ ಮೇಲೆ. ಓದು ಬರಹ ಬಾರದ ನಡುವಯಸ್ಸಿನ ಹಳ್ಳಿ ಹೆಂಗಸರು ಆರು ತಿಂಗಳಲ್ಲಿ ಸರ್ಕ್ಯೂಟ್ ಬೆಸೆಯುವುದನ್ನೂ ಲಾಂದ್ರ ಜೋಡಿಸುವುದನ್ನೂ ಕಲಿಯುತ್ತಾರೆ. ಭಾಷೆ ಬಾರದ ಆಫ್ರಿಕಾದ ಅಜ್ಜಿಯರಿಗೆ ಬಣ್ಣಗಳ ಗುರುತಿನಿಂದಲೇ ಪಾಠ. ಹೆಚ್ಚು ಲಾಂದ್ರ ಹೊರಬರುವುದು ಕಾರ್ಖಾನೆಯಿಂದಲೇ ಆದರೂ, ಕೆಟ್ಟಾಗ ಊರಿನಲ್ಲೇ ರಿಪೇರಿ ಮಾಡಬಲ್ಲವರು ಇರಬೇಕೆಂಬುದನ್ನು ತಿಲೋನಿಯಾ ಎಲ್ಲರಿಗಿಂತ ಮೊದಲೇ ಅರಿತಿತ್ತು. ಮುಂಬೈ ಐಐಟಿಯ ಚೇತನ್ ಸಿಂಗ್ ಸೋಳಂಕಿ ಅವರ ತಂಡ ಇದೇ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿತು. ಹತ್ತು ಲಕ್ಷ ಶಾಲಾ ಮಕ್ಕಳಿಗೆ ಓದುವ ದೀಪ, ಜೋಡಣೆಯೂ ರಿಪೇರಿಯೂ ಸ್ಥಳೀಯರದೇ, ಮಗು ಕೊಡಬೇಕಾದದ್ದು 120 ರೂಪಾಯಿ. ಅದರ ಬೆನ್ನಿಗೆ ಕೇಂದ್ರ ಸರ್ಕಾರ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್, ಒಡಿಶಾ, ಅಸ್ಸಾಂಗಳ ಮಕ್ಕಳಿಗೆ ತಲಾ 100 ರೂಪಾಯಿಗೆ 70 ಲಕ್ಷ ದೀಪ ಕೊಡುವ ಯೋಜನೆ ಹಾಕಿತು.

ಕೆನ್ಯಾದಲ್ಲಿ ಗಂಟು ಬಿಚ್ಚಿದ್ದು ಮೊಬೈಲ್ ಹಣ. ಅಲ್ಲಿ 2007ರಲ್ಲಿ ಬಂದ ಎಂ-ಪೆಸಾದಿಂದಾಗಿ ಹಳ್ಳಿಗರೂ ಫೋನಿನಲ್ಲೇ ಚಿಲ್ಲರೆ ಹಣ ಕಳಿಸುತ್ತಿದ್ದರು. 2012ರಲ್ಲಿ ಮಾರಾಟ ಆರಂಭಿಸಿದ ಎಂ-ಕೋಪಾ ಎರಡು ಮೂರು ದೀಪ, ಫೋನ್ ಚಾರ್ಜರ್, ರೇಡಿಯೊ ಸೇರಿದ ಕಿಟ್ಟನ್ನು ಸುಮಾರು 2,500ರಿಂದ 3,000 ಶಿಲಿಂಗ್ ಮುಂಗಡಕ್ಕೆ ಕೊಟ್ಟು, ಬಳಿಕ ಒಂದು ವರ್ಷ ದಿನಕ್ಕೆ 40 ಶಿಲಿಂಗ್ ವಸೂಲು ಮಾಡುತ್ತಿತ್ತು. ಕಿಟ್ಟಿನೊಳಗೊಂದು ಸಿಮ್, ಕಂತು ನಿಂತರೆ ದೂರದಿಂದಲೇ ದೀಪ ಆರುತ್ತದೆ, ಕಟ್ಟಿದರೆ ಹೊತ್ತುತ್ತದೆ, ಎಲ್ಲ ತೀರಿದ ಮೇಲೆ ಸಾಮಾನು ಮನೆಯವರದು. ಸೀಮೆಎಣ್ಣೆಗೆ ದಿನವೂ ಹೋಗುತ್ತಿದ್ದ ಚಿಲ್ಲರೆಯೇ ಕಂತಾಯಿತು. ಈ ಪದ್ಧತಿ ಪೂರ್ವ ಆಫ್ರಿಕಾದಲ್ಲಿ ಬಹುಬೇಗ ಹಬ್ಬಿತು. ಇದರಲ್ಲಿ ಒಂದು ಮುಳ್ಳೂ ಇದೆ. ಒಟ್ಟು ಕಟ್ಟುವ ಮೊತ್ತ ನಗದು ಬೆಲೆಗಿಂತ ಸಾಕಷ್ಟು ಹೆಚ್ಚು. ಕಂಪನಿಗಳಿಗೂ ವಿದೇಶಿ ಸಾಲದ ಹೊರೆ. ಟಾಂಜಾನಿಯಾ, ರುವಾಂಡಾಗಳಲ್ಲಿ ವ್ಯವಹರಿಸುತ್ತಿದ್ದ ಬರ್ಲಿನ್ನಿನ ಮೊಬಿಸೋಲ್ 2019ರಲ್ಲಿ ದಿವಾಳಿಯಾಗಿ ಫ್ರಾನ್ಸಿನ ಎಂಜಿ ಕಂಪನಿಯ ಪಾಲಾಯಿತು. ಮತ್ತೆ, ಇಂಥ ಕಂತಿನ ಕಂಪನಿಗಳು ಲಾಭಕ್ಕಾಗಿ ದೊಡ್ಡ ಕಿಟ್ಟಿನತ್ತ, ಟಿವಿಯತ್ತ, ಸ್ಮಾರ್ಟ್‌ಫೋನಿನತ್ತ ಸರಿದವು. ಒಂದೇ ದೀಪದ ಲಾಂದ್ರ ಮಾರಿದರೆ ಉಳಿಯುವುದು ಕಡಿಮೆ. ಅತಿ ಬಡವರಿಗಾಗಿ ಹುಟ್ಟಿದ ವ್ಯಾಪಾರ ಅವರಿಗಿಂತ ಒಂದು ಮೆಟ್ಟಿಲು ಮೇಲಿನವರ ಬಳಿ ನಿಂತಿತು.

ಉಚಿತವಾಗಿ ಹಂಚುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರವಾಹ, ಭೂಕಂಪ, ನಿರಾಶ್ರಿತರ ಶಿಬಿರಗಳಲ್ಲಿ ಅದು ಸರಿ. ಉಳಿದಂತೆ, ಹತ್ತಿರದ ಪೇಟೆಯಲ್ಲಿ ಲಾಂದ್ರ ಮಾರಿ ರಿಪೇರಿಯನ್ನೂ ಮಾಡುತ್ತಿದ್ದ ಅಂಗಡಿಯವನ ವ್ಯಾಪಾರವನ್ನು ಅದು ಮುಚ್ಚಿಸುತ್ತದೆ. ಹಂಚಿದ ಲಾಂದ್ರ ಕೆಟ್ಟ ದಿನ ಊರಿನಲ್ಲಿ ಅವನೂ ಇರುವುದಿಲ್ಲ.

ಗುಣಮಟ್ಟದ ಕಾವಲು

ಸಂತೆಯಲ್ಲಿ ಸಿಗುವ ಹೆಸರಿಲ್ಲದ ಲಾಂದ್ರ, ಒಳ್ಳೆಯ ಲಾಂದ್ರದ ಪಕ್ಕ ಇಟ್ಟರೆ ಕೊಳ್ಳುವವರ ಕಣ್ಣಿಗೆ ಎರಡೂ ಒಂದೇ. ಬೆಲೆ ಮಾತ್ರ ಅರ್ಧ. ಅದರೊಳಗೆ ಬಿಡಿ ಸೀಸದ ಬ್ಯಾಟರಿ, ಡಬ್ಬದ ಮೇಲೆ ಬರೆದದ್ದರ ಕಾಲು ಭಾಗ ಶಕ್ತಿಯ ಫಲಕ, ಕೆಲವೇ ತಿಂಗಳಲ್ಲಿ ಮಂಕಾಗುವ ಎಲ್‌ಇಡಿ ಇರಬಹುದು. ಒಮ್ಮೆ ಮೋಸಹೋದವರು ‘ಸೋಲಾರೇ ಹೀಗೆ’ ಎಂದು ಬುಡ್ಡಿಗೆ ಮರಳುತ್ತಾರೆ, ನೆರೆಹೊರೆಗೂ ಅದನ್ನೇ ಹೇಳುತ್ತಾರೆ. ಕಳಪೆ ಮಾಲು ಒಳ್ಳೆಯದನ್ನು ಮಾರುಕಟ್ಟೆಯಿಂದ ದೂಡುವ ಈ ರೋಗಕ್ಕೆ ಮದ್ದು ಹುಡುಕಿದ್ದು ವಿಶ್ವಬ್ಯಾಂಕ್ ಸಮೂಹ 2007ರಲ್ಲಿ ಆರಂಭಿಸಿದ ‘ಲೈಟಿಂಗ್ ಆಫ್ರಿಕಾ’ ಕಾರ್ಯಕ್ರಮ. ಅದೇ ಮುಂದೆ ‘ಲೈಟಿಂಗ್ ಗ್ಲೋಬಲ್’ ಆಯಿತು. ಪರೀಕ್ಷೆಯ ಕೆಲಸ 2020ರಿಂದ ‘ವೆರಾಸೋಲ್’ ಹೆಸರಿನಲ್ಲಿ ನಡೆಯುತ್ತಿದೆ.

ಪರೀಕ್ಷೆ ಕಾಗದದ್ದಲ್ಲ. ಲಾಂದ್ರವನ್ನು ಎತ್ತರದಿಂದ ಬೀಳಿಸುತ್ತಾರೆ, ಸ್ವಿಚ್ಚನ್ನು ಸಾವಿರ ಬಾರಿ ಒತ್ತುತ್ತಾರೆ, ತಂತಿಯನ್ನು ಜಗ್ಗುತ್ತಾರೆ, ನೀರು ದೂಳು ಒಳಹೋಗುತ್ತದೆಯೇ ನೋಡುತ್ತಾರೆ, 2,000 ಗಂಟೆ ಉರಿದ ಮೇಲೆ ಬೆಳಕು ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಡಬ್ಬದ ಮೇಲಿನ ಮಾತಿಗೂ ಒಳಗಿನ ಸಾಮಾನಿಗೂ ತಾಳೆಯಾಗಬೇಕು, ಕನಿಷ್ಠ ಒಂದು ವರ್ಷದ ವಾರಂಟಿ ಇರಬೇಕು. ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ ಇದನ್ನೇ ಆಧರಿಸಿ ಮಾನದಂಡ ರೂಪಿಸಿತು. ಒಂದು ದೀಪದ ಆಟಿಕೆಯಂಥ ಸಾಮಾನಿಗೆ ಇಷ್ಟೆಲ್ಲ ಕಟ್ಟುಪಾಡು ಏಕೆಂದು ಅನ್ನಿಸಬಹುದು. ರಾತ್ರಿಗೆ 55 ಪೈಸೆಯೋ 3 ರೂಪಾಯಿ 30 ಪೈಸೆಯೋ ಎಂಬುದು ನಿಂತಿರುವುದು ಈ ಕಟ್ಟುಪಾಡಿನ ಮೇಲೆಯೇ.

ಪರೀಕ್ಷೆಗೆ ಸಿಗದ ಕೊರತೆ ಮಳೆಗಾಲದ್ದು. ಐದು ಗಂಟೆಯ ಬಿಸಿಲು ಬಯಲುಸೀಮೆಯ ಲೆಕ್ಕ. ಆಷಾಢದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ವಾರಗಟ್ಟಲೆ ಮೋಡ ಕವಿದಾಗ ಒಂದು ವಾಟಿನ ಫಲಕ ಒಂದು ಗಂಟೆಯ ಬೆಳಕನ್ನು ಕೊಡಲೂ ಪರದಾಡುತ್ತದೆ. ಮರದ ನೆರಳು, ಕಿಟಕಿಯ ಒಳಗಿಟ್ಟ ಫಲಕ, ಅದರ ಮೇಲೆ ಕೂತ ದೂಳು ಇವೂ ಸೇರುತ್ತವೆ. ಕತ್ತಲು ಹೆಚ್ಚಿರುವ ಕಾಲಕ್ಕೇ ದೀಪ ಸೊರಗುವುದರಿಂದ ಅನೇಕ ಮನೆಗಳಲ್ಲಿ ಲಾಂದ್ರ ಬಂದ ಮೇಲೂ ಬುಡ್ಡಿ ಗೂಡಿನಲ್ಲಿ ಉಳಿದಿರುತ್ತದೆ.

ಭರವಸೆ ಮತ್ತು ಫಲ

ಲಾಂದ್ರ ಮಾರುವವರ ಜಾಹೀರಾತುಗಳಲ್ಲಿ ಮಗು ಓದುತ್ತಿರುತ್ತದೆ, ತಾಯಿ ಹೊಲಿಗೆಯಿಂದ ಸಂಪಾದಿಸುತ್ತಿರುತ್ತಾಳೆ. ಚೀಟಿ ಎತ್ತಿ ಕೆಲವು ಮನೆಗಳಿಗೆ ಲಾಂದ್ರ ಕೊಟ್ಟು, ಕೊಡದ ಮನೆಗಳೊಡನೆ ಹೋಲಿಸುವ ಅಧ್ಯಯನಗಳು ಇಷ್ಟು ಉದಾರವಾಗಿಲ್ಲ. ಚಿಶಿಯೊ ಫುರುಕಾವಾ ಉಗಾಂಡಾದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಸೌರದೀಪ ಪಡೆದ ಮಕ್ಕಳ ಓದಿನ ಸಮಯ ಹೆಚ್ಚಿತು, ಅಂಕಗಳು ಮಾತ್ರ ಸ್ವಲ್ಪ ಇಳಿದವು! ಸರಿಯಾಗಿ ಚಾರ್ಜ್ ಆಗದ ದೀಪ ಮಿಣುಕುತ್ತಿದ್ದುದು ಕಾರಣವಿರಬಹುದೆಂದು ಅವರು ಊಹಿಸಿದರು. ಬಾಂಗ್ಲಾದೇಶದ ನದೀದ್ವೀಪಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿಯೂ ಮನೆಯ ಓದು ಹೆಚ್ಚಿತು, ಆರಂಭದಲ್ಲಿ ಹಾಜರಿಯೂ ಏರಿತು, ಪರೀಕ್ಷೆಯ ಫಲಿತಾಂಶ ಕದಲಲಿಲ್ಲ. ಶಾಲೆಯಲ್ಲಿ ಕಲಿಸುವವರ ಕೊರತೆಯನ್ನು ಮನೆಯ ದೀಪ ತುಂಬಲಾರದು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ, ಲಾಂದ್ರವಲ್ಲ, ಅದಕ್ಕೆ ಸಮೀಪದ ಕಿರು ಸೌರ ಗ್ರಿಡ್ ಬಗ್ಗೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೂ ಸೀಮೆಎಣ್ಣೆಯ ಖರ್ಚು ಇಳಿದದ್ದನ್ನು ಕಂಡಿತು. ಉಳಿತಾಯ, ವ್ಯಾಪಾರ, ಓದಿನ ಹೊತ್ತಿನಲ್ಲಿ ಎದ್ದುಕಾಣುವ ಬದಲಾವಣೆ ಕಾಣಲಿಲ್ಲ.

ರುವಾಂಡಾದಲ್ಲಿ ಮೈಕೆಲ್ ಗ್ರಿಮ್ ಮತ್ತು ಸಂಗಡಿಗರು ಒಂದು ವಾಟಿನ ಕಿಟ್ ಕೊಟ್ಟು ನೋಡಿದ ಅಧ್ಯಯನ ಸಮತೂಕದ್ದು. ಮನೆಗಳ ಇಂಧನ ಖರ್ಚು ಇಳಿಯಿತು, ಸೀಮೆಎಣ್ಣೆ ಕಡಿಮೆಯಾಯಿತು, ಮನೆಯೊಳಗಿನ ಗಾಳಿ ಹಗುರಾಯಿತೆಂದು ಜನ ಹೇಳಿದರು, ಕೆಲಸಗಳನ್ನು ಬೇಕಾದ ಹೊತ್ತಿಗೆ ಹೊಂದಿಸಿಕೊಳ್ಳುವುದು ಸಾಧ್ಯವಾಯಿತು. ಅದೇ ದೇಶದಲ್ಲಿ ನಡೆದ ಮುಂದಿನ ಅಧ್ಯಯನ, ಇಷ್ಟು ಲಾಭ ಕಂಡ ಜನರೂ ಇಂಥ ಸಾಧನಗಳಿಗೆ ಮಾರುಕಟ್ಟೆಯ ಪೂರ್ಣ ಬೆಲೆ ಕೊಡಲಾರರು ಎಂದು ತೋರಿಸಿತು. ಅತಿ ಬಡವರಿಗೆ ಕಂತಿನ ವ್ಯಾಪಾರವೊಂದೇ ಸಾಕು ಎಂಬ ನಂಬಿಕೆಗೆ ಇದು ಪೆಟ್ಟು. ಒಂದಿಷ್ಟು ಸಾರ್ವಜನಿಕ ಹಣ ಬೇಕೇ ಬೇಕು. ಬಡತನ ನಿವಾರಿಸುತ್ತದೆಂದು ಹೊಗಳಿ ಸೋಲಿಸುವುದಕ್ಕಿಂತ ಲಾಂದ್ರವನ್ನು ಲಾಂದ್ರವಾಗಿಯೇ ಅಳೆಯುವುದು ನ್ಯಾಯ. ಬುಡ್ಡಿಯನ್ನು ಮನೆಯಿಂದ ಹೊರಗೆ ಹಾಕಿತೇ? ಬಹುಮಟ್ಟಿಗೆ ಹೌದು. ಫೋನ್ ಚಾರ್ಜ್ ಮಾಡಿಸಲು ಪೇಟೆಗೆ ನಡೆಯುವುದು ತಪ್ಪಿತೇ? ಆ ಸೌಲಭ್ಯ ಇರುವ ಲಾಂದ್ರದಲ್ಲಿ ತಪ್ಪಿತು. ಎಷ್ಟೋ ಮನೆಗಳು ಅಂಥ ಲಾಂದ್ರ ಕೊಳ್ಳುವುದು ಬೆಳಕಿಗಿಂತ ಹೆಚ್ಚಾಗಿ ಫೋನಿಗಾಗಿಯೇ.

ಕೆಟ್ಟ ಮೇಲೆ

ಲಕ್ಷಗಟ್ಟಲೆ ಮಾರಾಟವಾದ ಲಾಂದ್ರಗಳೆಲ್ಲ ಒಂದು ದಿನ ಕೆಡುತ್ತವೆ. ಹೆಚ್ಚಿನವುಗಳಲ್ಲಿ ಸೋಲುವುದು ಬ್ಯಾಟರಿ, ಸ್ವಿಚ್ಚು ಅಥವಾ ಫಲಕದಿಂದ ಬರುವ ತಂತಿ. ಫಲಕವೂ ಎಲ್‌ಇಡಿಯೂ ಇನ್ನೂ ವರ್ಷಗಟ್ಟಲೆ ಬಾಳುವ ಸ್ಥಿತಿಯಲ್ಲಿರುತ್ತವೆ. ಆದರೆ ನೀರು ಹೋಗದಂತೆ ಅಂಟು ಹಾಕಿ ಮುಚ್ಚಿದ ಪ್ಲಾಸ್ಟಿಕ್ ಕವಚವನ್ನು ಒಡೆಯದೆ ಒಳಗೆ ಕೈಹಾಕಲಾಗದು, ಒಳಗಿರುವ ಬ್ಯಾಟರಿ ಪೇಟೆಯಲ್ಲಿ ಸಿಗದ ಅಳತೆಯದು. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಜೇಮಿ ಕ್ರಾಸ್ ಮತ್ತು ಡೆಕ್ಲನ್ ಮರ್ರೆ ಕೆನ್ಯಾದಲ್ಲಿ ಅಲೆದು 2018ರಲ್ಲಿ ಬರೆದಂತೆ ಜನ ಕೆಟ್ಟ ಸೌರದೀಪಗಳನ್ನು ಎಸೆಯುವುದಿಲ್ಲ, ಯಾರಾದರೂ ಸರಿಮಾಡಿಯಾರೆಂದು ಮನೆಯಲ್ಲೇ ಇಟ್ಟುಕೊಂಡಿರುತ್ತಾರೆ. ಊರಿನ ರೇಡಿಯೊ, ಮೊಬೈಲ್ ರಿಪೇರಿಯವರು ಎಷ್ಟೋ ಬಾರಿ ಮಾಡಿಯೂ ಕೊಡುತ್ತಾರೆ. ಕ್ರಾಸ್ ಅವರ ತಂಡ ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚಿ ಜೋಡಿಸಬಹುದಾದ, ಹಳೆಯ ಫೋನಿನ ಬ್ಯಾಟರಿಯನ್ನೂ ಹಾಕಬಹುದಾದ ಮಾದರಿ ದೀಪವೊಂದನ್ನು ಮಾಡಿ ತೋರಿಸಿತು. ಜಲನಿರೋಧಕವೂ ಆಗಿರಬೇಕು, ಬಿಚ್ಚಲೂ ಬರಬೇಕು, 5 ಡಾಲರಿಗೂ ಸಿಗಬೇಕು: ಮೂರನ್ನೂ ಒಟ್ಟಿಗೆ ಸಾಧಿಸಿದ ಕಂಪನಿಗಳು ವಿರಳ. ಸೀಸದ ಬ್ಯಾಟರಿಯನ್ನು ಗುಜರಿಯವನು ಕೊಳ್ಳುತ್ತಾನೆ, ಹಿತ್ತಲಲ್ಲಿ ಕರಗಿಸಿ ಸುತ್ತಲಿನ ಮಣ್ಣಿಗೆ ವಿಷ ಉಣಿಸುತ್ತಾನೆ. ಪುಟ್ಟ ಲಿಥಿಯಂ ಬ್ಯಾಟರಿಗೆ ಗುಜರಿಯಲ್ಲಿ ಬೆಲೆಯೇ ಇಲ್ಲ.

ತಂತಿ ಬಂದ ಊರಿನಲ್ಲಿ

ಭಾರತ ಸರ್ಕಾರ 2010ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಸೌರ ಅಭಿಯಾನ 2022ರೊಳಗೆ ಗ್ರಾಮೀಣ ಪ್ರದೇಶಗಳಿಗೆ 2 ಕೋಟಿ ಸೌರದೀಪಗಳ ಗುರಿ ಇಟ್ಟುಕೊಂಡಿತ್ತು. ಅಷ್ಟರಲ್ಲಿ ಆಟವೇ ಬದಲಾಯಿತು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ವಿದ್ಯುತ್ ತಲುಪಿ, ದೇಶದ ಎಲ್ಲ ಹಳ್ಳಿಗಳೂ ವಿದ್ಯುದೀಕರಣಗೊಂಡವು ಎಂಬ ಘೋಷಣೆಯಾಯಿತು. ಆದರೆ ಊರಿನ ಶಾಲೆ, ಪಂಚಾಯಿತಿಗಳ ಜೊತೆ ಹತ್ತರಲ್ಲಿ ಒಂದು ಮನೆಗೆ ಸಂಪರ್ಕ ಸಿಕ್ಕರೂ ಅದು ವಿದ್ಯುದೀಕರಣಗೊಂಡ ಹಳ್ಳಿಯೇ. ಉಳಿದ ಮನೆಗಳನ್ನು ತಲುಪಲು 2017ರ ಸೆಪ್ಟೆಂಬರ್‌ನಲ್ಲೇ ಬಂದಿದ್ದ ಸೌಭಾಗ್ಯ ಯೋಜನೆ ಎರಡೂವರೆ ಕೋಟಿಗೂ ಹೆಚ್ಚು ಮನೆಗಳಿಗೆ ತಂತಿ ಎಳೆಯಿತು. ತಂತಿ ಹೋಗಲಾರದ ಕಡೆ 200ರಿಂದ 300 ವಾಟ್‌ನ ಫಲಕ, ಐದು ಎಲ್‌ಇಡಿ ದೀಪ, ಒಂದು ಫ್ಯಾನು ಇರುವ ಸೌರ ವ್ಯವಸ್ಥೆ ಕೊಟ್ಟಿತು. ಲಾಂದ್ರದ ಮಟ್ಟವನ್ನು ಅದು ನೇರವಾಗಿ ದಾಟಿಹೋಯಿತು. ನೆರೆಯ ಬಾಂಗ್ಲಾದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಂತಿನ ಮೇಲೆ ಸೌರ ವ್ಯವಸ್ಥೆ ಕೊಟ್ಟ ಜಗತ್ಪ್ರಸಿದ್ಧ ಯೋಜನೆಗೂ ಇದೇ ಗತಿ: ಗ್ರಿಡ್ ವೇಗವಾಗಿ ಹಬ್ಬುತ್ತಿದ್ದಂತೆ ಬೇಡಿಕೆ ಕುಸಿಯಿತು, ಬಾಕಿ ಕಂತುಗಳೂ ನಿಂತವು.

ಹಾಗೆಂದು ಲಾಂದ್ರಕ್ಕೆ ಕೆಲಸವಿಲ್ಲವೆಂದಲ್ಲ. ಲೋಡ್‌ಶೆಡ್ಡಿಂಗ್ ಇರುವ ಊರುಗಳಲ್ಲಿ ಅದು ಎರಡನೆಯ ದೀಪವಾಗಿ ಉಳಿದಿದೆ. ಮಲೆ ಮಹದೇಶ್ವರ ಬೆಟ್ಟದ ಸಾಲಿನ ಕಾಡಂಚಿನ ಊರುಗಳು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳು, ಪಶ್ಚಿಮಘಟ್ಟದ ಒಂಟಿಮನೆಗಳಂಥ ಕಡೆ ಅರಣ್ಯ ಕಾಯ್ದೆ ಮತ್ತು ದುರ್ಗಮ ದಾರಿ ಎರಡೂ ತಂತಿಗೆ ಅಡ್ಡ. ಆನೆ ಓಡಾಡುವ ಕಾಲುದಾರಿಯಲ್ಲಿ ರಾತ್ರಿ ನಡೆಯುವವರಿಗೆ ಛಾವಣಿಯ ಮೇಲಿನ ದೊಡ್ಡ ಫಲಕಕ್ಕಿಂತ ಕೈಯ ಲಾಂದ್ರ ಹೆಚ್ಚು ಉಪಯುಕ್ತ. ವಿಶ್ವಬ್ಯಾಂಕಿನ ಇಂಧನ ವಿಭಾಗ 2015ರಲ್ಲಿ ರೂಪಿಸಿದ ವಿದ್ಯುತ್ ಲಭ್ಯತೆಯ ಶ್ರೇಣಿಯಲ್ಲಿ ಮೊದಲನೆಯ ಮೆಟ್ಟಿಲಿಗೆ ದಿನಕ್ಕೆ 12 ವಾಟ್-ಗಂಟೆ ಅಥವಾ 1,000 ಲ್ಯೂಮೆನ್-ಗಂಟೆಯ ಬೆಳಕು ಬೇಕು. ಬುಡ್ಡಿಯಲ್ಲಿ ಅಷ್ಟು ಬೆಳಕು ಪಡೆಯಲು ದಿನಕ್ಕೊಂದು ಲೀಟರ್ ಎಣ್ಣೆ ಸುಡಬೇಕು. ಒಂದು ವಾಟಿನ ಲಾಂದ್ರ ಕೊಡುವುದು 300 ಲ್ಯೂಮೆನ್-ಗಂಟೆ ಮಾತ್ರ. ಎಂದರೆ ಒಂದೇ ಲಾಂದ್ರ ಇರುವ ಮನೆ ಇನ್ನೂ ಮೊದಲ ಮೆಟ್ಟಿಲಿಗೆ ಕಾಲಿಟ್ಟಿಲ್ಲ.

ಆಫ್ರಿಕಾದ 30 ಕೋಟಿ ಜನರಿಗೆ 2030ರೊಳಗೆ ವಿದ್ಯುತ್ ಮುಟ್ಟಿಸಲು ವಿಶ್ವಬ್ಯಾಂಕ್ ಮತ್ತು ಆಫ್ರಿಕಾ ಅಭಿವೃದ್ಧಿ ಬ್ಯಾಂಕ್ 2024ರಲ್ಲಿ ಕೈಗೊಂಡ ‘ಮಿಷನ್ 300’ರಲ್ಲಿ ಗ್ರಿಡ್ ವಿಸ್ತರಣೆಯ ಜೊತೆಗೆ ಗ್ರಿಡ್ ಹೊರಗಿನ ಸೌರ ಸಾಧನಗಳಿಗೂ ದೊಡ್ಡ ಪಾಲಿದೆ. ಆ ಲೆಕ್ಕದಲ್ಲಿ ಒಂಟಿ ಲಾಂದ್ರವನ್ನು ‘ವಿದ್ಯುತ್ ಸಿಕ್ಕ ಮನೆ’ ಎಂದು ಎಣಿಸಬೇಕೇ, ಅಥವಾ ಫೋನು, ಫ್ಯಾನು ನಡೆಯುವಷ್ಟು ಶಕ್ತಿಯಿದ್ದಾಗ ಮಾತ್ರವೇ ಎಂಬ ತಕರಾರು ಇನ್ನೂ ನಡೆದಿದೆ. ತೀರ್ಮಾನ ಯಾವ ಕಡೆ ವಾಲುತ್ತದೆ ಎಂಬುದರ ಮೇಲೆ ಸಬ್ಸಿಡಿಯ ಹಣ 5 ಡಾಲರಿನ ದೀಪಕ್ಕೆ ಹೋಗುತ್ತದೋ 200 ಡಾಲರಿನ ಕಿಟ್ಟಿಗೆ ಹೋಗುತ್ತದೋ ಎಂಬುದು ನಿಂತಿದೆ.